ಬನ್ನಿ ಅಂದರೆ ಯಾರನ್ನ ಕರೆಯೋದು?

"ಅಮ್ಮಾ, ಬೆಳಿಗ್ಗೆಯಿಂದ ಬನ್ನಿ ಬನ್ನಿ ಅಂತಿದೀಯಲ್ಲ, ಯಾರನ್ನ ಕರೀತಿದೀಯ?"

ಹೋಳಿಗೆಗೆ ಬೇಳೆ ಬಸಿಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಮಗನಿಗೆ ಆರು ವರ್ಷ. ಬನ್ನಿ ಮರ ನೋಡಿದ ನೆನಪು ಅವನಿಗಿಲ್ಲ. ಅವನಿಗೆ ಬನ್ನಿ ಅಂದರೆ ಮನೆಗೆ ಬಂದವರಿಗೆ ಹೇಳುವ ಮಾತು, ಅಷ್ಟೆ.

ನಾವಿರುವುದು ಇಥಿಯೋಪಿಯಾದ ಪೂರ್ವಕ್ಕಿರುವ ದಿರೆ ದಾವಾದಲ್ಲಿ. ಕಾಲೇಜಿನಲ್ಲಿ ಪಾಠ ಮಾಡಲು ಬಂದು ಇದು ಮೂರನೇ ದಸರಾ. ಊರ ಹೆಸರಲ್ಲೂ ಒಂದು ದಾವ ಇದೆ, ಬಿಸಿಲೂ ನಮ್ಮ ದಾವಣಗೆರೆಯದೇ. ಸುತ್ತಮುತ್ತ ಜೋಳದ ಹೊಲ. ಸಂತೆಯಲ್ಲಿ ಗುರೆಳ್ಳು ಕೂಡ ಸಿಗುತ್ತೆ, ಇಲ್ಲಿನವರು ನೂಗ್ ಅಂತಾರೆ. ಮೊದಲ ಸಲ ಅದನ್ನ ಹುರಿದು ಪುಡಿ ಮಾಡಿದ ದಿನ ಅಡುಗೆಮನೆಯಲ್ಲಿ ಅವ್ವ ಬಂದು ನಿಂತ ಹಾಗಾಗಿತ್ತು. ಆಯುಧ ಪೂಜೆಗೆ ಚೆಂಡು ಹೂವಿನ ಬದಲು ಮೆಸ್ಕೆಲ್ ಹಬ್ಬಕ್ಕೆ ಮಾರುಕಟ್ಟೆಗೆ ಬಂದಿದ್ದ ಹಳದಿ ಹೂ ಏರಿಸಿದೆ. ಸೀಮೆಸುಣ್ಣದ ಡಬ್ಬಿ, ಲ್ಯಾಪ್‌ಟಾಪು, ಮಗನ ಸೈಕಲ್ಲು, ಎಲ್ಲಕ್ಕೂ ವಿಭೂತಿ ಬಿತ್ತು. ಎಲ್ಲಾ ಆಯ್ತು, ಬನ್ನಿ ಒಂದಿಲ್ಲ. ಹಿಂದಿನ ಎರಡು ವರ್ಷ ಸುಮ್ನೆ ಅಕ್ಷತೆ ಕೊಟ್ಟು ಮುಗಿಸಿದ್ದೆವು.

ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಲ್ಲರ ಹಾಗೆ ನಾನೂ ಅವರನ್ನ ಎಮಾಮ ಅಂತೀನಿ. ವಿಜಯದಶಮಿಗೆ ಇಲ್ಲಿ ರಜೆ ಎಲ್ಲಿಂದ ಬರಬೇಕು, ಎರಡು ಕ್ಲಾಸು ಮುಗಿಸಿ ಓಡಿಬಂದು ಹೋಳಿಗೆ ತಟ್ಟುತ್ತಿದ್ದಾಗ ಎಮಾಮ ಬಾಗಿಲಲ್ಲಿ ಇಣುಕಿದರು. ನನ್ನ ಹರುಕು ಮುರುಕು ಅಮ್ಹಾರಿಕ್‌ನಲ್ಲಿ ಹೇಳಿದೆ: ಒಂದು ಮರ, ಸಣ್ಣ ಎಲೆ, ಮುಳ್ಳು ಇರುತ್ತೆ, ಇವತ್ತು ಅದನ್ನ ದೊಡ್ಡವರ ಕೈಗೆ ಕೊಟ್ಟು ಕಾಲಿಗೆ ಬೀಳಬೇಕು. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ನೋಡಿದರು, ಏನೂ ಹೇಳದೆ ಹೋದರು.

ಒಂದು ಗಂಟೆ ಬಿಟ್ಟು ಬಂದರು. ಬಿಳಿ ಶಾಲಿನ ಮಡಿಲಲ್ಲಿ ಒಂದು ಟೊಂಗೆ. ನೋಡಿದ ತಕ್ಷಣ ಗೊತ್ತಾಯ್ತು, ಬಳ್ಳಾರಿ ಜಾಲಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಷ್ಟು ನೋಡಿದೀನಿ ಇದನ್ನ. ಹೊಲ ಹಾಳು ಮಾಡುತ್ತೆ ಅಂತ ಅಪ್ಪಾಜಿ ಬೈಯುತ್ತಿದ್ದ ಗಿಡ. ಇಲ್ಲೂ ದನ ಮೇಯೋ ಜಾಗವನ್ನೆಲ್ಲ ತಿಂದುಹಾಕಿದೆ ಅಂತ ಜನ ಬೈಯುತ್ತಾರೆ. ಅಮೆರಿಕ ಖಂಡದ ಗಿಡ, ನಮ್ಮೂರಿಗೂ ಪರದೇಶದ್ದೇ, ಇಲ್ಲಿಗೂ ಪರದೇಶದ್ದೇ. ಆದರೆ ಗಿಡ ಮರ ಓದಿದವರು ಬನ್ನಿಯನ್ನೂ ಇದನ್ನೂ ಬಹಳ ಕಾಲ ಪ್ರೊಸೋಪಿಸ್ ಅನ್ನೋ ಒಂದೇ ಕುಲದಲ್ಲಿ ಇಟ್ಟಿದ್ದರು. ನನಗೆ ಅಷ್ಟು ನೆಂಟಸ್ತನ ಸಾಕಾಗಿತ್ತು.

ಟೊಂಗೆಯನ್ನ ಕೈಗೆ ತಗೊಂಡು ನೋಡಿದರೆ ಒಂದೂ ಮುಳ್ಳಿಲ್ಲ. ಮಗು ಮುಟ್ಟುತ್ತೆ ಅಂತ ಚಾಕುವಿನಿಂದ ಒಂದೊಂದೇ ಹೆರೆದು ತೆಗೆದಿದ್ದರು. ಮುಳ್ಳಿದ್ದ ಕಡೆಯೆಲ್ಲ ಹಸಿರು ಸಿಪ್ಪೆ ಹೋಗಿ ಬಿಳಿ ಚುಕ್ಕೆ. ಅವರ ಹೆಬ್ಬೆರಳಲ್ಲಿ ಮುಳ್ಳು ಚುಚ್ಚಿದ ಗುರುತು. ನನ್ನ ಕಣ್ಣು ನೋಡಿ "ಐಜೋಶ್" ಅಂದರು. ಧೈರ್ಯ ತಗೋ ಅಂತ. ಮೊದಲ ಬನ್ನಿ ಅವರಿಗೇ ಕೊಟ್ಟೆ. ಕಾಲಿಗೆ ಬೀಳಲು ಬಿಡಲಿಲ್ಲ, ಹಿಡಿದೆತ್ತಿ ಕೆನ್ನೆಗೆ ಕೆನ್ನೆ ತಾಗಿಸಿದರು.

ಅವರು ಕೂತಿದ್ದ ಕುರ್ಚಿಯ ಹಿಂದೆ ಇಲ್ಲಿನ ಕ್ಯಾಲೆಂಡರು ನೇತಾಡುತ್ತಿತ್ತು. ನಮಗೆ 2025 ಅಕ್ಟೋಬರ್ 2, ಇಲ್ಲಿ ಮೆಸ್ಕೆರೆಮ್ 22, ವರ್ಷ 2018. ಹೊಸ ವರ್ಷ ಶುರುವಾಗಿ ಮೂರು ವಾರ ಆಗಿತ್ತು, ದಿನಾ ನೋಡುತ್ತಿದ್ದೆ, ಆದರೆ ಆ ಸಂಖ್ಯೆ ಅವತ್ತು ಎದೆಗೆ ತಾಗಿತು.

ನಮ್ಮ ಲೆಕ್ಕದ 2018ರಲ್ಲಿ ಅಪ್ಪಾಜಿ ಇದ್ದರು. ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರಲ್ಲಿ ದಾವಣಗೆರೆ. ಆ ದಸರಾಕ್ಕೆ ಕೆಲಸ ಜಾಸ್ತಿ ಅಂತ ಹೋಗಲಿಲ್ಲ. ನಿಜ ಹೇಳಬೇಕಂದರೆ ಅಂಥಾ ಕೆಲಸ ಏನೂ ಇರಲಿಲ್ಲ, ಬಸ್ಸಿನ ರಶ್ಶಿಗೆ ಬೇಜಾರಾಗಿತ್ತು. ಸಂಜೆ ಫೋನ್ ಮಾಡಿದಾಗ ಅಪ್ಪಾಜಿ, "ಇರ್ಲಿ ಬಿಡವ್ವಾ, ನಿನ್ ಪಾಲಿಂದು ಎತ್ತಿಟ್ಟಿರ್ತೀನಿ, ಬಂದಾಗ ತಗಳ್ಳೀವಂತೆ" ಅಂದರು. ದೀಪಾವಳಿಗೂ ಹೋಗಲಿಲ್ಲ. ಆಮೇಲೆ ಹೋದಾಗ ಅವರೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ. ಮುಂದಿನ ದಸರಾ ಅವರು ನೋಡಲಿಲ್ಲ. ಕಾರ್ಯ ಮುಗಿದ ಮೇಲೆ ಬ್ಯಾಂಕಿನ ಕಾಗದ ಹುಡುಕುತ್ತಿದ್ದೆ. ಪಾಸ್‌ಬುಕ್ಕಿನ ಒಳಗೆ ನ್ಯೂಸ್ ಪೇಪರಿನ ಸಣ್ಣ ಪೊಟ್ಟಣ ಇತ್ತು. ಬಿಚ್ಚಿದರೆ ಎಲೆಯೆಲ್ಲ ಉದುರಿ ಪುಡಿಯಾಗಿ ನಡುವೆ ಎರಡು ಕಡ್ಡಿ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ನನ್ನ ಹೆಸರು.

ಸಂಜೆ ಐದಕ್ಕೆ ಊರಿಗೆ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ಏಳೂವರೆ. ಅವ್ವ ಹೊಸ ಸೀರೆ ಉಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು, ಓಣಿಯ ಹುಡುಗರು ಬಂದು ಬನ್ನಿ ಕೊಟ್ಟು ಹೋಗುತ್ತಿದ್ದರು. ಮಗ ಜಾಲಿಯ ನಾಲ್ಕು ಎಲೆಯನ್ನ ಮೊಬೈಲಿಗೆ ಒತ್ತಿ ಹಿಡಿದು ಕೂಗಿದ, "ಅಜ್ಜೀ, ಬನ್ನಿ!"

"ನಾನೆಲ್ಲಿಗ್ ಬರ್ಲಪ್ಪಾ ಅಷ್ಟು ದೂರ? ನೀವೇ ಬರ್ರಿ" ಅಂದಳು ಅವ್ವ. ಅವಳ ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಬನ್ನಿ ತುಂಬಿತ್ತು. ಅದರಿಂದ ಎರಡು ಕಡ್ಡಿ ಆರಿಸಿ ತೆಗೆದು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಯಾರಿಗೆ ಅಂತ ನಾನು ಕೇಳಲಿಲ್ಲ.