ಎಡಬದಿಯನ್ನೂ ನೋಡಿ ಅಣ್ಣಾ

“ಎಡಬದಿಯನ್ನೂ ನೋಡಿ ಅಣ್ಣಾ.”

ಮೊನ್ನೆ ನಮ್ಮ ಕಾಸರಗೋಡಿನ ಸೀತಾಂಗೋಳಿ ಹತ್ತಿರ ಹಳೇ ಪಿಕಪ್ ಒಂದನ್ನು ನೋಡಲು ಹೋದಾಗ ಅದರ ಡ್ರೈವರ್ ಹುಡುಗ ತುಳುವಿನಲ್ಲಿ ಹೇಳಿದ ಮಾತು ಇದು. ಫೋನ್ ಬಂತೆಂದು ಬ್ರೋಕರ್ ಗೇಟಿನ ಕಡೆ ಹೋಗಿದ್ದರು. ಹುಡುಗ ನಮ್ಮ ಮುಖವನ್ನೂ ನೋಡಲಿಲ್ಲ. ಟೈರಿನ ಕಡೆ ಕಣ್ಣಿಟ್ಟು ಅಷ್ಟು ಹೇಳಿದ, ಬಾಲ್ದಿ ಎತ್ತಿಕೊಂಡು ಬಾವಿಕಟ್ಟೆಗೆ ಹೋದ. ಅವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ತೋಟಕ್ಕೆ ಹಟ್ಟಿಗೊಬ್ಬರ ಬರಬೇಕು, ತೆಂಗಿನಕಾಯಿ, ಅಡಿಕೆ ಗೋಣಿ ಹೋಗಬೇಕು. ಬಾಡಿಗೆ ಗಾಡಿ ಬೇಕಾದ ಹೊತ್ತಿಗೆ ಸಿಗುವುದಿಲ್ಲ. 1.7 ಟನ್ ಹೊರುವ ಪಿಕಪ್ ಆದರೆ ನಮಗೆ ಧಾರಾಳ. ಕರ್ನಾಟಕದ ಪುತ್ತೂರಿನಲ್ಲಿ ಕೆಎ-21 ನಂಬರಿನ ಒಳ್ಳೇ ಗಾಡಿಗಳಿದ್ದವು. ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಕೇರಳದಲ್ಲಿ ಟ್ಯಾಕ್ಸ್ ಕಟ್ಟಬೇಕು, ಮತ್ತೆ ನಂಬರನ್ನು ಕಾಸರಗೋಡಿನ ಕೆಎಲ್-14 ಮಾಡಿಸಬೇಕು. ಗಡಿಯಲ್ಲಿ ಇರುವವರಿಗೆ ಇದೆಲ್ಲ ಗೊತ್ತಿದ್ದದ್ದೇ. ಹಾಗಾಗಿ ಈಚೆ ಕಡೆಯದ್ದೇ ಆಗಲಿ ಅಂತ ಹೊರಟೆವು.

ಜೊತೆಗೆ ನಮ್ಮ ಮೆಕ್ಯಾನಿಕ್ ಇಚ್ಚ ಇದ್ದರು. ಗಾಡಿ ನೋಡುವುದಿದ್ದರೆ ಅವರ ಹಾಗೆ ನೋಡಬೇಕು. ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿಸಿದ್ದರು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿದರು. ತಣ್ಣಗಿತ್ತು. ಬಿಸಿ ಎಂಜಿನ್ ತನ್ನ ಎಷ್ಟೋ ರೋಗವನ್ನು ಮುಚ್ಚಿಡುತ್ತದೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಅವು ಗೊತ್ತಾಗುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಇಲ್ಲಿ ಎರಡೂ ಇರಲಿಲ್ಲ. ಆಯಿಲ್ ಕ್ಯಾಪ್ ತೆಗೆದರು, ಅಲ್ಲೂ ಹೊಗೆ ಇಲ್ಲ. ಸರಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದರೆ ಸಾಲದ ಬಾಕಿ ಇಲ್ಲ, ಫಿಟ್‌ನೆಸ್ ಸರ್ಟಿಫಿಕೇಟ್ ಇದೆ. ಟೈರಿನ ಬದಿಯಲ್ಲಿ ಇರುವ ನಾಲ್ಕು ಅಂಕೆ ನೋಡಿದೆವು. ಮೊದಲಿನ ಎರಡು ಅಂಕೆ ಟೈರ್ ತಯಾರಾದ ವಾರ, ಮತ್ತಿನ ಎರಡು ಅಂಕೆ ವರ್ಷ. ಅದೂ ಹಳೆಯದಲ್ಲ.

“ಒಂದೇ ಓನರ್. ಅಡಿಕೆ ಬಿಟ್ಟು ಬೇರೆ ಲೋಡ್ ಹಾಕಿಯೇ ಇಲ್ಲ” ಎಂದರು ಬ್ರೋಕರ್. ಒಳ್ಳೇ ಮಾತುಗಾರರು. ಚಹಾ ತರಿಸಿದರು, ಊರು ಮನೆ ವಿಚಾರಿಸಿದರು. ಆದರೆ ಅಡಿಯೆಲ್ಲ ಹೊಸ ಕಪ್ಪು ಪೇಂಟ್. ಇಚ್ಚನಿಗೆ ಅದು ಹಿಡಿಸಲಿಲ್ಲ. ಉಪ್ಪಳ, ಮಂಜೇಶ್ವರದ ಕಡೆ ಮೀನು ಹೊತ್ತ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ಚಾಸಿಯನ್ನು, ಅಂದರೆ ಗಾಡಿಯ ಅಡಿಯ ಚೌಕಟ್ಟನ್ನು, ಒಳಗಿನಿಂದಲೇ ತಿನ್ನುತ್ತದೆ, ಹೊರಗೆ ಪೇಂಟ್ ಹೊಳೆಯುತ್ತಿರುತ್ತದೆ. ಬಲಬದಿಯಲ್ಲಿ ಮಲಗಿ ಸ್ಪಾನರಿನಿಂದ ತಟ್ಟುತ್ತಾ ಬಂದರು. ಗಟ್ಟಿ ಸದ್ದು. ತುಕ್ಕು ಇಲ್ಲ. ಆಗಲೇ ಹುಡುಗ ಆ ಮಾತು ಹೇಳಿದ್ದು.

ಎಡಬದಿಯಲ್ಲಿ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ ಪಕ್ಕ, ಚಾಸಿಯ ಮೇಲೆ ಒಂದು ತುಂಡು ತಗಡು ಇಟ್ಟು ವೆಲ್ಡ್ ಮಾಡಿದ್ದರು. ಉಜ್ಜಿ ನಯ ಮಾಡಿ ಪೇಂಟ್ ಹೊಡೆದಿದ್ದರು. ಇಚ್ಚ ಉಗುರಿನಿಂದ ಕೆರೆದು ತೋರಿಸಿದರು. ಪಿಕಪ್‌ನ ಚಾಸಿ ಎಂದರೆ ಎರಡು ಉದ್ದದ ಕಬ್ಬಿಣ, ನಡುವೆ ಅಡ್ಡಪಟ್ಟಿ. ಗುಂಡಿ ರಸ್ತೆಯಲ್ಲಿ ಅದು ಸ್ವಲ್ಪ ತಿರುಚಿಕೊಂಡೇ ಓಡಬೇಕು. ಭಾರವೆಲ್ಲ ಬಂದು ಬೀಳುವುದು ಸ್ಪ್ರಿಂಗ್ ಕೂರುವ ಜಾಗದಲ್ಲಿ. ಜಾಸ್ತಿ ಹೇರಿದರೆ ಬಿರುಕು ಬಿಡುವುದೂ ಅಲ್ಲೇ.

ಆಮೇಲೆ ನಾನು ಗಾಡಿಯಲ್ಲಿ ಲೋಡ್ ಹಾಕುವ ಹಿಂಭಾಗಕ್ಕೆ ಹತ್ತಿದೆ. ತೊಳೆದಿದ್ದರು, ಆದರೂ ಮೂಲೆಯ ಸಂದಿನಲ್ಲಿ ಕೆಂಪು ಹುಡಿ. ಅಡಿಕೆಯ ಗಾಡಿ ಅಲ್ಲ, ಕೆಂಪುಕಲ್ಲಿನ ಗಾಡಿ. ಒಂದು ಕಲ್ಲು ಸುಮಾರು 30 ಕೆಜಿ ತೂಗುತ್ತದೆ. 100 ಕಲ್ಲು ಹೇರಿದರೆ 3 ಟನ್. ಲೆಕ್ಕ ಅಷ್ಟೇ.

ಬ್ರೋಕರ್ ವಾಪಸ್ ಬಂದಾಗ ಇಚ್ಚ ಹುಡುಗನ ಸುದ್ದಿಯೇ ಎತ್ತಲಿಲ್ಲ. “ತಟ್ಟಿ ನೋಡಿದೆ, ಸದ್ದು ಬೇರೆ ಬಂತು” ಎಂದರು. ಇಚ್ಚ ದೊಡ್ಡ ಮನುಷ್ಯ ಎಂದು ನನಗೆ ಅನ್ನಿಸಿದ್ದು ಆಗ. ಬ್ರೋಕರ್ ಸ್ವಲ್ಪವೂ ಗಲಿಬಿಲಿಯಾಗದೆ ಕೇಳಿದರು: “ವೆಲ್ಡಿಂಗ್ ಮಾಡಿದ್ರೆ ಇನ್ನೂ ಗಟ್ಟಿ ಅಲ್ವಾ?”

ಅಲ್ಲ. ವೆಲ್ಡಿಂಗ್ ಬಿಸಿಗೆ ಪಕ್ಕದ ಕಬ್ಬಿಣದ ಗುಣವೇ ಬದಲಾಗುತ್ತದೆ. ತಿರುಚುವ ಜಾಗದಲ್ಲಿ ಒಂದು ಕಡೆ ಬಿಗಿಯಾದರೆ ಮುಂದಿನ ಬಿರುಕು ಅದರ ಪಕ್ಕದಲ್ಲೇ ಹೊರಡುತ್ತದೆ. ಇದು ಬ್ರೋಕರಿಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಿಲ್ಲದವರು ಪೇಂಟ್ ಹೊಡೆಸುವುದಿಲ್ಲ. ಬಿರುಕು ಬಿಟ್ಟಿತ್ತು, ರಿಪೇರಿ ಮಾಡಿಸಿದ್ದೇವೆ, ಇಷ್ಟು ಕಡಿಮೆ ಕೊಡಿ ಎಂದಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ನಮ್ಮ ಗುಡ್ಡದ ಇಳಿಜಾರುಗಳಲ್ಲಿ ಇಂಥ ಗಾಡಿಯ ಹಿಂದೆ ಕೆಲಸದವರೂ ನಿಂತು ಹೋಗುತ್ತಾರೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಹುಡುಗನ ಬಗ್ಗೆಯೇ ಮತ್ತೆ ಮತ್ತೆ ಯೋಚನೆ. ಅಷ್ಟು ಕಲ್ಲು ಹೇರಿದ ಗಾಡಿಯನ್ನು ಮಳೆಗಾಲದಲ್ಲಿ ಇಳಿಜಾರಿನಲ್ಲಿ ಇಳಿಸಿದವನು ಅವನೇ ತಾನೇ. ಹಿಂದಿನಿಂದ ಕಿರ್ರ್ ಎಂಬ ಸದ್ದು ಮೊದಲು ಕೇಳಿದ್ದೂ ಅವನಿಗೇ ಇರಬೇಕು. ಧಣಿಗೆ ಹೇಳಿದ್ದನೋ, ಹೇಳಿ ಬೈಸಿಕೊಂಡಿದ್ದನೋ. ವ್ಯಾಪಾರದಲ್ಲಿ ಮಾತಾಡುವವರು ಮಾರುವವರು, ಕೊಳ್ಳುವವರು, ಬ್ರೋಕರ್. ಗಾಡಿಯನ್ನು ನಿಜಕ್ಕೂ ಬಲ್ಲವನು ಬಾಲ್ದಿ ಹಿಡಿದು ದೂರ ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಕೇಳದೆಯೂ ಅವನು ಹೇಳಿದ. ಬ್ರೋಕರ್ ಕಿವಿಗೆ ಬಿದ್ದಿದ್ದರೆ ಅವತ್ತೇ ಕೆಲಸ ಹೋಗುತ್ತಿತ್ತು. ನಾವು ಅವನಿಗೆ ಯಾರು? ನೆಂಟರಲ್ಲ, ಪರಿಚಯವೂ ಇಲ್ಲ.

ಮುಳ್ಳೇರಿಯಾದಲ್ಲಿ ಇನ್ನೊಂದು ಗಾಡಿ ಇದೆಯಂತೆ. ಅಲ್ಲಿ ಓನರಿಗಿಂತ ಮೊದಲು ಡ್ರೈವರ್ ಜೊತೆ ಮಾತಾಡುತ್ತೇನೆ. ಗಾಡಿ ಯಾವುದೇ ಸಿಗಲಿ, ಓಡಿಸಲು ಸೀತಾಂಗೋಳಿಯ ಆ ಹುಡುಗನನ್ನು ಒಮ್ಮೆ ಕೇಳಿ ಎಂದು ಇಚ್ಚನಿಗೆ ಹೇಳಿದ್ದೇನೆ.

“ಕೇಳ್ತೇನೆ ಭಟ್ರೇ. ಆದ್ರೆ ಸಂಬಳ ಸರಿಯಾಗಿ ಕೊಡ್ಬೇಕು” ಎಂದರು.

ಕೊಡುತ್ತೇನೆ. 1.7 ಟನ್‌ಗಿಂತ ಒಂದು ಗೋಣಿಯನ್ನೂ ಜಾಸ್ತಿ ಹೇರು ಎನ್ನುವುದಿಲ್ಲ ಎಂದೂ ಹೇಳಿ ಎಂದೆ.