ಸೈನ್ಯವಿಲ್ಲದ ದೇಶದಿಂದ ಸಿಂಧನೂರಿಗೆ

ನಾನೀಗ ಇರುವ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾಕ್ಕೆ ಸೈನ್ಯವೇ ಇಲ್ಲ ಎಂದರೆ ಸಿಂಧನೂರಿನ ನಮ್ಮ ಮನೆಯಲ್ಲಿ ಈಗಲೂ ಯಾರೂ ಪೂರ್ತಿ ನಂಬುವುದಿಲ್ಲ. ಹವಾಲ್ದಾರರಾಗಿ ನಿವೃತ್ತರಾದ ನಮ್ಮ ಕಾಕಾ ಅಂತೂ, ‘ಹಾಗಾದರೆ ಗಡಿ ಕಾಯುವವರು ಯಾರು, ನೀನೇನು?’ ಎಂದು ಫೋನಿನಲ್ಲಿ ಕೇಳುತ್ತಾರೆ. ಪೊಲೀಸರು ಎಂದರೆ ಅವರ ನಗು ನಿಲ್ಲುವುದಿಲ್ಲ.

1948ರಲ್ಲಿ ಇಲ್ಲಿ ಅಂತರ್ಯುದ್ಧವಾಯಿತು. ಗೆದ್ದ ಬಣದ ನಾಯಕ ಹೋಸೆ ಫಿಗೆರೆಸ್ ಅದೇ ವರ್ಷ ಡಿಸೆಂಬರ್ 1ರಂದು ಸುತ್ತಿಗೆ ಎತ್ತಿ, ರಾಜಧಾನಿ ಸಾನ್ ಹೋಸೆಯ ಸೇನಾ ಕೋಟೆಯ ಗೋಡೆಗೆ ಹೊಡೆದು, ಸೈನ್ಯವನ್ನು ರದ್ದುಪಡಿಸಿದರು. ನಾಳೆ ಅದೇ ಸೈನ್ಯ ತಮ್ಮ ಮೇಲೆ ತಿರುಗಿಬಿದ್ದೀತು ಎಂಬ ಲೆಕ್ಕವೂ ಅವರಿಗೆ ಇದ್ದಿರಬೇಕು ಎಂದೇ ನನ್ನ ಗುಮಾನಿ. ಕೋಟೆ ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅದರ ಬುರುಜುಗಳಲ್ಲಿ ಗುಂಡಿನ ತೂತುಗಳು ಹಾಗೆಯೇ ಇವೆ.

ನನಗೆ ಬೆರಗಾದದ್ದು ಕೋಟೆಯಲ್ಲ. ಇಲ್ಲಿ ನಮ್ಮ ಬೀದಿಗೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಬರುತ್ತಾರೆ, ಹೆಗಲಿಗೆ ಲಸಿಕೆಯ ಡಬ್ಬಿ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಬಿಪಿ, ಯಾರಿಗೆ ಸಕ್ಕರೆ ಕಾಯಿಲೆ ಎಂದು ಬರೆದುಕೊಂಡು, ಬಾಕಿ ಉಳಿದ ಚುಚ್ಚುಮದ್ದನ್ನು ಪಡಸಾಲೆಯಲ್ಲೇ ಕೊಟ್ಟು ಹೋಗುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರೂ ಮನೆಮನೆ ತಿರುಗುತ್ತಾರೆ. ಆದರೆ ಇಲ್ಲಿಯವರಿಗೆ ಸಂಬಳ, ಆಶಾದವರಿಗೆ ಗೌರವಧನ. ಇಲ್ಲಿ ಇದನ್ನೆಲ್ಲ ನಡೆಸುವ ಸಾಮಾಜಿಕ ಭದ್ರತಾ ಸಂಸ್ಥೆ ಹುಟ್ಟಿದ್ದು 1941ರಲ್ಲಿ, ಅಂದರೆ ಸೈನ್ಯ ರದ್ದಾಗುವ ಮೊದಲೇ. ಕೆಲಸಗಾರ, ಮಾಲೀಕ, ಸರ್ಕಾರ ಮೂವರೂ ಅದಕ್ಕೆ ಹಣ ಕಟ್ಟುತ್ತಾರೆ; ನನ್ನ ಸಂಬಳದಲ್ಲೂ ಪ್ರತಿ ತಿಂಗಳು ಮುರಿದುಕೊಳ್ಳುತ್ತಾರೆ. ಬಂದೂಕು ಬಿಟ್ಟ ಕೂಡಲೇ ಬಡತನ ಓಡಿಹೋಯಿತು ಎಂಬ ಕತೆಯನ್ನು ಅದಕ್ಕೇ ನಾನು ಒಪ್ಪುವುದಿಲ್ಲ. ಸೈನ್ಯದ ಖರ್ಚು ಉಳಿದು ಮಿಕ್ಕ ಹಣ ಎಲ್ಲಿಗೆ ಹೋಗಬೇಕು ಎಂಬುದು ಇವರಿಗೆ ಗೊತ್ತಿತ್ತು, ಅಷ್ಟೇ.

ಹಾಗೆಂದು ಇದು ಸ್ವರ್ಗವೂ ಅಲ್ಲ. ತಜ್ಞ ವೈದ್ಯರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಮಾದಕವಸ್ತು ಜಾಲಗಳ ಕಾಟದಿಂದ 2023ರಲ್ಲಿ 900ಕ್ಕೂ ಹೆಚ್ಚು ಕೊಲೆಗಳಾದವು. ಇಡೀ ದೇಶದ ಜನಸಂಖ್ಯೆಯೇ 50 ಲಕ್ಷದ ಆಸುಪಾಸು. ನಮ್ಮ ರಾಯಚೂರು, ಕೊಪ್ಪಳ ಮತ್ತು ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಗಳಲ್ಲಿ 2011ರಲ್ಲೇ 57 ಲಕ್ಷ ಜನರಿದ್ದರು.

ಚೀನಾ, ಪಾಕಿಸ್ತಾನಗಳನ್ನು ಪಕ್ಕದಲ್ಲಿಟ್ಟುಕೊಂಡು ಭಾರತ ಈ ಆಟ ಆಡಲಾಗದು ಎನ್ನುತ್ತಾರೆ ಕಾಕಾ. ಒಪ್ಪುತ್ತೇನೆ. ಅವರ ಇನ್ನೊಂದು ಮಾತು ಇನ್ನೂ ಗಟ್ಟಿ: ‘ನಮ್ಮ ಮನೆಯ ಬಡತನ ನೀಗಿಸಿದ್ದು ಸೈನ್ಯದ ಪಗಾರ. ಅದಿಲ್ಲದಿದ್ದರೆ ನಾನೂ ನಿಮ್ಮಪ್ಪನೂ ಗುಳೆ ಹೋಗಬೇಕಿತ್ತು.’ ಸುಳ್ಳಲ್ಲ. ಆದರೆ ನಮ್ಮ ಓಣಿಯಿಂದ ಬೇಸಿಗೆ ಬಂದರೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಈಗಲೂ ಇದ್ದಾರೆ. ಸೈನ್ಯದವರು ಎತ್ತರ, ಎದೆಯಳತೆ ನೋಡಿ ಆರಿಸಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಹೊಟ್ಟೆ ತುಂಬದ ಹುಡುಗ ಆ ಸಾಲಿನ ತನಕ ಮುಟ್ಟುವುದೇ ಕಷ್ಟ. 2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ, ಉದ್ಯೋಗ ಖಾತ್ರಿಗೆ 86 ಸಾವಿರ ಕೋಟಿ. ಮೊದಲನೆಯದನ್ನು ಕಡಿಯಿರಿ ಎನ್ನಲು ನನಗೆ ಧೈರ್ಯವಿಲ್ಲ. ಎರಡನೆಯದು ಸಾಕು ಎನ್ನಲು ಮನಸ್ಸಿಲ್ಲ.

ಅದೂ ಅಲ್ಲದೆ ಕಾಕಾ ನಡೆದ ದಾರಿ ಈಗ ಕಿರಿದಾಗಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು, ಮಿಕ್ಕವರಿಗೆ ಪಿಂಚಣಿ ಇಲ್ಲ. ಕಾಕಾನ ಮೊಮ್ಮಗ ಆ ಭರ್ತಿಗೆಂದೇ ದಿನವೂ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದಾನೆ. ಐಟಿಐಗೂ ಅರ್ಜಿ ಹಾಕಿದ್ದಾನೆ. ಹಾಕಿಸಿದ್ದು ಕಾಕಾನೇ.