ತೇಲುವ ಮುನ್ನ ತೂಕ

2014ರಲ್ಲಿ ಸಂಚಾರ ಆರಂಭಿಸಿದ ‘ಕ್ವಾಂಟಮ್ ಆಫ್ ದಿ ಸೀಸ್’ ಹಡಗಿನೊಂದಿಗೆ, ಗಾಜಿನ ಕೊಳವೆಯೊಳಗೆ ಮನುಷ್ಯರನ್ನು ಗಾಳಿಯಲ್ಲಿ ತೇಲಿಸುವ ‘ರಿಪ್‌ಕಾರ್ಡ್’ ಸೌಲಭ್ಯವು ಮೊದಲ ಬಾರಿಗೆ ಸಮುದ್ರಕ್ಕಿಳಿಯಿತು. ಸಿಂಗಪುರದಿಂದ ಹೊರಟ ಅದೇ ವರ್ಗದ ಹಡಗೊಂದರಲ್ಲಿ ಸರದಿಯಲ್ಲಿ ನಿಂತಿದ್ದಾಗ, ತೂಕದ ಮಿತಿಗೆ ಎತ್ತರವನ್ನೂ ಏಕೆ ಪರಿಗಣಿಸುತ್ತಾರೆಂಬ ಪ್ರಶ್ನೆ ನನ್ನನ್ನು ಕಾಡಿತು.

ಕೆಳಗಿನಿಂದ ಬೀಸುವ ಗಾಳಿಯ ಒತ್ತು ದೇಹದ ತೂಕಕ್ಕೆ ಸಮನಾದಾಗ ಮಾತ್ರ ವ್ಯಕ್ತಿ ತೇಲುತ್ತಾನೆ. ಎತ್ತರದವರ ತೂಕವು ಹೆಚ್ಚು ವಿಸ್ತಾರಕ್ಕೆ ಹರಡಿರುವುದರಿಂದ ಅವರಿಗೆ ತುಸು ರಿಯಾಯಿತಿ ದೊರೆಯುತ್ತದೆ. ದೇಹದ ವಿಸ್ತಾರ ಅಷ್ಟೇ ಇದ್ದು ತೂಕ ಮಾತ್ರ ಶೇ 20ರಷ್ಟು ಹೆಚ್ಚಿದರೆ, ಗಾಳಿಯ ವೇಗವು ಸುಮಾರು ಶೇ 10ರಷ್ಟು ಏರಬೇಕಾಗುತ್ತದೆ. ಆದರೆ ಅದಕ್ಕೆ ಬೇಕಾಗುವ ಶಕ್ತಿಯು ಸುಮಾರು ಶೇ 30ರಷ್ಟು ಹೆಚ್ಚುತ್ತದೆ. ಅಲ್ಲದೆ, ಹೊಸಬರು ಗೋಡೆಗೆ ಬಡಿಯದಂತೆ ಕೈಯಿಂದಲೇ ಹಿಡಿದು ನಿಲ್ಲಿಸುವ ತರಬೇತುದಾರನ ತೋಳಿಗೂ ಒಂದು ಮಿತಿಯಿದೆ. ಹಿಂದಿನ ರಾತ್ರಿಯ ಭೋಜನವನ್ನು ನೆನೆಯುತ್ತಲೇ ನಾನು ತಕ್ಕಡಿ ಏರಿದೆ.